ಮಡಿವಾಳಪ್ಪನವರ ಕಾಲ್ಗುಣ

ಲಾರಿಗಳು ಡೀಸೆಲ್ ಮೇಲೆ ಓಡುತ್ತವೆ ಎಂಬುದನ್ನು ಮಡಿವಾಳಪ್ಪನವರು ಎಂದೂ ಒಪ್ಪಿದವರಲ್ಲ.

“ಡೀಸೆಲ್ ಹಾಕ್ಸು, ಹೊಸಾ ಟೈರ್ ಹಾಕ್ಸು, ಮುಂದ ನಿಂಬಿಹಣ್ಣೂ ಕಟ್ಟು. ನನ್ನ ಬಿಲ್ಟಿ ಇಲ್ದ ಗೇಟ್ ದಾಟಲಿ ನೋಡೂಣು,” ಎಂದು ಹೊಸದಾಗಿ ಬಂದ ಡ್ರೈವರುಗಳಿಗೆಲ್ಲ ಅವರು ಒಂದು ಸಲ ಹೇಳಿಯೇ ಹೇಳುತ್ತಿದ್ದರು. ಮಾಲು ಯಾರದು, ಎಲ್ಲಿಗೆ ಹೋಗಬೇಕು, ಎಷ್ಟು ನಗ, ಅಂದರೆ ಎಷ್ಟು ಚೀಲ-ಗಂಟು, ಎಂದು ಬರೆದ ತೆಳು ಗುಲಾಬಿ ಕಾಗದವೇ ಬಿಲ್ಟಿ. ಅಮರಗೋಳದ ಮಾರುಕಟ್ಟೆಯ ಎದುರಿಗಿದ್ದ ಆ ಲಾರಿ ಆಫೀಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದನ್ನು ಬರೆದದ್ದು ಮಡಿವಾಳಪ್ಪನವರ ಕೈಯೇ. ಮೆಣಸಿನಕಾಯಿ ಚೀಲ ಕೊಲ್ಲಾಪುರಕ್ಕೆ ಹೋಗಲಿ, ಹತ್ತಿ ಅಂಡಿಗೆ ಕೊಯಮತ್ತೂರಿಗೆ ಹೋಗಲಿ, ತಾವು ಕುರ್ಚಿಯಿಂದ ಎದ್ದು ಅದನ್ನು ಕಳಿಸಿಕೊಟ್ಟಂತೆಯೇ ಅವರಿಗೆ ಭಾಸವಾಗುತ್ತಿತ್ತು. ಕುರ್ಚಿ ಬಿಟ್ಟು ಏಳುತ್ತಿದ್ದದ್ದು ಮಾತ್ರ ಎರಡೇ ಕೆಲಸಕ್ಕೆ: ಒಂದು ಊಟ, ಇನ್ನೊಂದು ಚಹಾ.

ಬೆಂಗೇರಿಯ ಮನೆಯಿಂದ ಬೆಳಿಗ್ಗೆ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಬಿಳಿ ಟೊಪ್ಪಿಗೆ ಇಟ್ಟು ಸೈಕಲ್ ಏರಿದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಅವರಾಗಿಯೇ ನಮಸ್ಕಾರ ಹೇಳುತ್ತಿದ್ದರು. ಅವರ ದನಿ ದೊಡ್ಡದು. ಆಫೀಸಿನ ಹಿಂದೆ ಅಂಗಳ, ಅಂಗಳದಾಚೆ ಗೋದಾಮು. ಗೋದಾಮಿನ ಉಸ್ತುವಾರಿ ಪಂಢರಿನಾಥನದು. ಇವರಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅಂದಿನಿಂದಲೂ ತೆರೆದ ಹಿಂಬಾಗಿಲಿನ ಮೂಲಕ, ನಡುವಿನ ಹಮಾಲರ ತಲೆಯ ಮೇಲಿಂದ, ಒಬ್ಬರಿಗೊಬ್ಬರು ಕೂಗಿಯೇ ಸಂಸಾರ ನಡೆಸಿದ್ದರು.

“ಏ ಪಂಢರಿ! ಸಾಂಗಲಿ ಮಾಲು ಏರಿತೇನಲೇ?”

“ಏರೈತೋ ಮಾರಾಯಾ! ಊರಿಗೆಲ್ಲಾ ಕೇಳ್ಸೂದೇನ ಬ್ಯಾಡ!”

ಹಳೆಯ ಸಾವಕಾರರು ತೀರಿಕೊಂಡ ಮೇಲೆ ಗದ್ದುಗೆಗೆ ಬಂದವನು ಮಗ ಶಿವಯೋಗೀಶ. ಎಂಜಿನಿಯರಿಂಗ್ ಓದಿದವನು, ಮೂವತ್ತರೊಳಗಿನ ಪ್ರಾಯ. ಕೂಗಾಟದಿಂದ ವ್ಯಾಪಾರ ನಡೆಯಬಾರದೆಂಬುದು ಅವನ ಮೊದಲ ಸುಧಾರಣೆ. ತೊಂಬತ್ತಾರನೇ ಇಸವಿಯಲ್ಲಿ ಪುಣೆಯ ಕಡೆ ಬಾಗಿಲು ಹಾಕಿದ ಯಾವುದೋ ಕಾರಖಾನೆಯಿಂದ ಒಂದು ಹಳೆಯ ಕಂಪ್ಯೂಟರನ್ನು ತಮ್ಮದೇ ಲಾರಿಯಲ್ಲಿ ಹೇರಿಸಿಕೊಂಡು ಬಂದ. ಅದರೊಳಗೆ ಯುನಿಕ್ಸ್ ಎಂಬ ವ್ಯವಸ್ಥೆ ಇದೆ, ಒಂದೇ ಯಂತ್ರದ ಮೇಲೆ ಹಲವರು ಕೂಡಿ ಕೆಲಸ ಮಾಡಬಹುದು ಎಂದು ಎಲ್ಲರನ್ನೂ ಕೂರಿಸಿಕೊಂಡು ವಿವರಿಸಿದ. ಮಡಿವಾಳಪ್ಪನವರ ಕಿವಿಗೆ ಅದು ಬೇರೆಯೇ ಆಗಿ ಬಿತ್ತು.

“ಯೂನುಸ್ ಅಂತನ್ರಿ? ನಮ್ಮ ಗದಗ ಲೈನಿನ ಡ್ರೈವರ್ ಹೆಸರು. ಛಲೋ ಮನಷ್ಯಾ,” ಎಂದರು. ಅಂದಿನಿಂದ ಆ ಯಂತ್ರ ಆಫೀಸಿನಲ್ಲಿ ಯೂನುಸಣ್ಣನೇ ಆಯಿತು.

ಯೂನುಸಣ್ಣ ಕೂತದ್ದು ಸಣ್ಣ ಸಾವಕಾರ ಶಿವಯೋಗೀಶನ ಕೋಣೆಯಲ್ಲಿ. ಅಲ್ಲಿಂದ ಎರಡು ವೈರು ಹೊರಗೆ ಬಂದು ಎರಡು ಪರದೆಗಳಿಗೆ ಸೇರಿದ್ದವು. ಈ ಪರದೆ-ಕೀಲಿಮಣೆಗಳಿಗೆ ಸ್ವಂತ ಬುದ್ಧಿ ಇಲ್ಲ. ಬುದ್ಧಿಯೆಲ್ಲ ಒಳಗಿನ ದೊಡ್ಡ ಪೆಟ್ಟಿಗೆಯದು. ಒಂದು ಪರದೆ ಕಂಪ್ಯೂಟರ್ ಕೆಲಸಕ್ಕೆಂದೇ ಸೇರಿಕೊಂಡ ಜಯಾ ಎಂಬ ಹುಡುಗಿಯದು. ಇನ್ನೊಂದು ಮಡಿವಾಳಪ್ಪನವರದು. ಅವರು ಮೊದಮೊದಲು ಅದರ ಮೇಲೆ ಟೊಪ್ಪಿಗೆ ಇಡುತ್ತಿದ್ದರು. ಆಮೇಲೆ ಒಂದೇ ಬೆರಳಿನಿಂದ ಬಿಲ್ಟಿ ಹೊಡೆಯುವುದನ್ನು ಕಲಿತರು. ಅದು ಎಲೆಗೆ ಸುಣ್ಣ ಹಚ್ಚುವ ಬೆರಳು. ಆದ್ದರಿಂದ ಅವರು ಯಾವ ಅಕ್ಷರಗಳನ್ನು ಹೆಚ್ಚಾಗಿ ಒತ್ತುತ್ತಾರೆ ಎಂಬುದು ಕೀಲಿಮಣೆಯನ್ನು ನೋಡಿದರೇ ತಿಳಿಯುತ್ತಿತ್ತು.

ಒಂದು ದಿನ ಅವರು ಚಹಾ ಕುಡಿದು ಬಂದು ನೋಡಿದರೆ, ಯಾರೂ ಮುಟ್ಟದ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ತಾವಾಗಿಯೇ ಸಾಲುಗಟ್ಟಿ ನಿಂತಿದ್ದವು. ವೈರಿನಲ್ಲಿ ಕಸ ಬಂದರೆ ಹೀಗಾಗುತ್ತದೆ ಎಂದು ಜಯಾ ಹೇಳಿದರೂ ಮಡಿವಾಳಪ್ಪನವರು ನಂಬಲಿಲ್ಲ. ತಾವಿಲ್ಲದಾಗ ಯಾರೋ ತಮ್ಮ ಹೆಸರಿನಲ್ಲಿ ಬಿಲ್ಟಿ ಹೊಡೆಯಲು ನೋಡಿದ್ದಾರೆ ಎಂಬುದು ಅವರ ಗುಮಾನಿ.

“ನಾ ಎದ್ದಾಗ ನನ್ನ ಪೆಟ್ಟಿಗಿ ಮಲಗಿಸಿಬಿಡವ್ವಾ. ನಾ ಬಂದು ಕುಂತ ಮ್ಯಾಲೆ ಎಬ್ಬಿಸು,” ಎಂದರು.

ಯುನಿಕ್ಸ್‌ನಲ್ಲಿ ಅದಕ್ಕೊಂದು ಆಜ್ಞೆ ಇತ್ತು. ಜಯಾ ತನ್ನ ಪರದೆಯಿಂದಲೇ ಒಂದು ಸಾಲು ಹೊಡೆದರೆ ಮಡಿವಾಳಪ್ಪನವರ ಲೈನು ಮುಚ್ಚುತ್ತಿತ್ತು. ಇನ್ನೊಂದು ಸಾಲು ಹೊಡೆದರೆ ತೆರೆಯುತ್ತಿತ್ತು. ಸ್ವಲ್ಪ ದಿನಕ್ಕೆ ಅದು ಬಾಗಿಲಿನ ಚಿಲಕ ಹಾಕಿ ತೆಗೆದಷ್ಟೇ ಸಹಜವಾಯಿತು. “ಜಯಾ, ಮಲಗಸು” ಎನ್ನುತ್ತ ಅವರು ಏಳುವರು, “ಜಯಾ, ಎಬ್ಬಸು” ಎನ್ನುತ್ತ ಕೂರುವರು. ಅವಳು ತಲೆ ಎತ್ತದೆ ಬೆರಳಾಡಿಸುವಳು.

ಮರುವರ್ಷ ಶಿವಯೋಗೀಶ ಗೋದಾಮಿಗೂ ಒಂದು ಹೊಸ ಕಂಪ್ಯೂಟರ್ ತಂದ. ಅದನ್ನೂ ಹಳೆಯದನ್ನೂ ಒಂದು ಕಪ್ಪು ವೈರಿನಿಂದ ಜೋಡಿಸಿದರೆ ಇಲ್ಲಿ ಹೊಡೆದ ಬಿಲ್ಟಿ ಅಲ್ಲಿ ಪಂಢರಿನಾಥನ ಪರದೆಯ ಮೇಲೆ ಕಾಣುತ್ತದೆ, ಕೂಗುವುದು ತಪ್ಪುತ್ತದೆ. ಅದಕ್ಕಾಗಿ ಯೂನುಸಣ್ಣನ ಹೊಟ್ಟೆಯೊಳಗೆ ನೆಟ್‌ವರ್ಕ್ ಕಾರ್ಡ್ ಎಂಬ ಅಂಗೈ ಅಗಲದ ಹಸಿರು ಹಲಗೆಯನ್ನು ಕೂರಿಸಬೇಕಾಗಿತ್ತು. ಕೂರಿಸಲು ಬಂದವಳು ಅಬೀದಾ.

ಅಬೀದಾ ಹಳೇ ಹುಬ್ಬಳ್ಳಿಯವಳು, ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ರಿಪೇರಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಲೂನಾ ಗಾಡಿಯ ಮುಂದೆ ಸ್ಕ್ರೂ ಡ್ರೈವರುಗಳ ಚೀಲ ಇಟ್ಟುಕೊಂಡು ಊರೆಲ್ಲ ಸುತ್ತುತ್ತಿದ್ದಳು. ಬಂದ ದಿನವೇ “ಕಾಕಾ, ಈ ಕೀಲಿಮಣಿಗೆ ಸುಣ್ಣಾ ಹಚ್ಚೀರೆಲ್ಲಾ, ಅಡಕಿ ಯಾವಾಗ ಇಡ್ತೀರಿ?” ಎಂದು ಕೇಳಿ ಮಡಿವಾಳಪ್ಪನವರನ್ನು ಗೆದ್ದುಬಿಟ್ಟಳು.

ಬುಕಿಂಗ್ ನಡೆಯುವ ಹೊತ್ತಿನಲ್ಲಿ ಯಂತ್ರ ನಿಲ್ಲಿಸುವುದಕ್ಕೆ ಶಿವಯೋಗೀಶ ಒಪ್ಪುತ್ತಿರಲಿಲ್ಲ. ಹಾಗಾಗಿ ಮಡಿವಾಳಪ್ಪನವರು ಊಟಕ್ಕೆ ಹೋದ ಮೇಲೆ, ಕಿಟಕಿ ಮುಚ್ಚಿದಾಗ, ಅಬೀದಾ ಪೆಟ್ಟಿಗೆ ಬಿಚ್ಚಿದಳು. ಕಾರ್ಡು ಕೂರಿಸಿ, ಅದರ ಗುರುತು ಯುನಿಕ್ಸ್‌ಗೆ ಹೇಳಿಕೊಟ್ಟು, ಯಂತ್ರವನ್ನು ಮತ್ತೆ ಶುರು ಮಾಡಿದಳು. ಗೋದಾಮಿನಿಂದ ಪಂಢರಿನಾಥ ಕುಣಿದಾಡುತ್ತ ಓಡಿಬಂದ: “ಬಂತ್ರೀ! ಬಿಲ್ಟಿ ನನ್ನ ಡಬ್ಬಿಯೊಳಗ ಬಂತು!” ಎಲ್ಲರೂ ಮಂಡಕ್ಕಿ ತಿಂದರು. ಅಬೀದಾ ಲೂನಾ ಏರಿ ಹೋದಳು.

ಮಡಿವಾಳಪ್ಪನವರು ಊಟ ಮುಗಿಸಿ ಬಂದು ಕೂತರು. ಎಲೆ ಹಾಕಿಕೊಂಡರು. ಗೋದಾಮಿನ ಪರದೆ ಗಪ್ಪಾಯಿತು.

ಮರುದಿನ ಅಬೀದಾ ಮತ್ತೆ ಊಟದ ಹೊತ್ತಿಗೆ ಬಂದಳು. ನೋಡಿದರೆ ಎಲ್ಲ ಸರಿಯಾಗಿದೆ. ಗೋದಾಮಿನ ಯಂತ್ರದಿಂದ ಇಲ್ಲಿನ ಯಂತ್ರಕ್ಕೆ ಕೂಗು ಹಾಕಿದರೆ ಉತ್ತರ ಬರುತ್ತಿದೆ, ಇಲ್ಲಿಂದ ಅಲ್ಲಿಗೆ ಹಾಕಿದರೂ ಬರುತ್ತಿದೆ. “ಏನೂ ಆಗಿಲ್ರಿ” ಎಂದು ಹೋದಳು. ಅವಳ ಲೂನಾದ ಸದ್ದು ದೂರವಾಗುವಷ್ಟರಲ್ಲಿ ಮತ್ತೆ ನಿಂತಿತು. ಇನ್ನೊಂದು ದಿನ ಬಂದು ಅಂಗಳದ ವೈರನ್ನು ಉದ್ದಕ್ಕೂ ಬದಲಿಸಿದಳು. ವೈರಿನ ಎರಡೂ ತುದಿಗೆ ಹಾಕುವ ಬಿರಡೆಗಳನ್ನು ಬದಲಿಸಿದಳು. ಕಾರ್ಡನ್ನು ಕಿತ್ತು ಬೇರೆ ಸಂದಿಯಲ್ಲಿ ಕೂರಿಸಿದಳು. ಕೊನೆಗೆ ಕಾರ್ಡನ್ನೇ ಬದಲಿಸಿ, ಅದೇ ಜಾತಿಯ ಇನ್ನೊಂದನ್ನು ಹಾಕಿದಳು. ಪ್ರತಿ ಸಲವೂ ಅವಳ ಕಣ್ಣೆದುರಿಗೆ ಯಂತ್ರ ಸಾಲೆಯ ಒಳ್ಳೆಯ ಹುಡುಗನ ಹಾಗೆ ನಡೆದುಕೊಂಡಿತು. ಪ್ರತಿ ಸಲವೂ ಅವಳು ಹೋದ ಮೇಲೆ ಮುನಿಸಿಕೊಂಡಿತು.

ಗೋದಾಮಿನ ಕಿಟಕಿಯ ಪಕ್ಕ ಕೂತ ಪಂಢರಿನಾಥನಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಪರದೆ ನಿಂತಿದ್ದಾಗ ಅವನು ಅಂಗಳ ನೋಡುತ್ತಿದ್ದ. ಅಂಗಳದಲ್ಲಿ ಬಿಳಿ ಟೊಪ್ಪಿಗೆಯೊಂದು ಚಹಾದಂಗಡಿಯ ಕಡೆ ಹೋಯಿತು. ಪರದೆ ಜೀವ ಹಿಡಿಯಿತು. ಟೊಪ್ಪಿಗೆ ಹಿಂತಿರುಗಿ ಹಿಂಬಾಗಿಲೊಳಗೆ ಹೊಕ್ಕಿತು, ಪರದೆ ಸತ್ತಿತು. ಮಧ್ಯಾಹ್ನವೂ ಹಾಗೇ. ಮರುದಿನವೂ ಹಾಗೇ. ಸೋಮವಾರ ಉಪವಾಸವೆಂದು ಟೊಪ್ಪಿಗೆ ಊಟಕ್ಕೆ ಏಳಲೇ ಇಲ್ಲ, ಪರದೆಯೂ ಏಳಲಿಲ್ಲ.

“ಯಂತ್ರದ್ದೇನೂ ತಪ್ಪಿಲ್ಲೋ,” ಎಂದು ಪಂಢರಿನಾಥ ಹಮಾಲರಿಗೆ ಹೇಳಿದ. “ಇದು ನಮ್ಮ ಮಡಿವಾಳಪ್ಪನ ಕಾಲ್ಗುಣ.”

ಸಂಜೆಯೊಳಗೆ ಮಾತು ಮಾರುಕಟ್ಟೆಯನ್ನೆಲ್ಲ ಸುತ್ತಿ ಮಡಿವಾಳಪ್ಪನವರ ಕಿವಿಗೇ ಬಂತು.

ಅಂದು ಮನೆಯಲ್ಲಿ ಅವರು ಎರಡನೆಯ ರೊಟ್ಟಿ ಬೇಡವೆಂದರು. ರತ್ನವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ಗಂಡನ ಮುಖ ನೋಡಿದಳು.

“ಏನಾತ್ರಿ?”

“ಏನಿಲ್ಲ. ನಾ ಒಳಗ ಹೋದ್ರ ಕಂಪ್ಯೂಟರ್ ನಿಂದರ್ತೈತಂತ. ಹೊರಗ ಬಂದ್ರ ನಡೀತೈತಂತ. ಊರ ತುಂಬಾ ಅದ ಮಾತು.”

ರತ್ನವ್ವ ಮರುಗುತ್ತಾಳೆಂದು ಅವರು ಎಣಿಸಿದ್ದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ಅದರಾಗ ಹೊಸಾದೇನೈತ್ರಿ? ನೀವು ನನ್ನ ನೋಡಾಕ ಬಂದ ದಿವಸ ನಮ್ಮಪ್ಪನ ಗ್ವಾಡಿ ಗಡಿಯಾರ ನಿಂತಿತ್ತು.”

“ಮತ್ತ ಯಾಕ ಮದಿವಿ ಆದಿ?”

“ಗಡಿಯಾರ ರಿಪೇರಿ ಆತಲ್ರಿ,” ಎಂದು ಅವಳು ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿಯೇಬಿಟ್ಟಳು. ಅವರು ತಿಂದರು.

ಎರಡು ದಿನ ಅವಮಾನವೆನಿಸಿದ್ದು ಮೂರನೆಯ ದಿನಕ್ಕೆ ಬೇರೆ ಬಣ್ಣ ತಿರುಗಿತು. ಅದಕ್ಕೆ ಕಾರಣ ಡ್ರೈವರ್ ಹನಮೇಶ. ಅವನು ಬಿಲ್ಟಿ ತೆಗೆದುಕೊಂಡ ಮೇಲೂ ಕಿಟಕಿ ಬಿಡದೆ ದನಿ ತಗ್ಗಿಸಿ ಕೇಳಿದ: “ಕಾಕಾ, ನಾಳೆ ನನ್ನ ಜೋಡಿ ಚೆಕ್‌ಪೋಸ್ಟ್ ತನಾ ಬರ್ತೀರೇನ್ರಿ? ಅಲ್ಲಿ ತೂಕದ ಕಾಟಾ ಐತಿ. ಅದೂ ಕರೆಂಟಿಂದ. ಒಂದ ಸರೆ ಅದರ ಕಡೆ ನೋಡಿ ಬಿಡ್ರಿ, ಸಾಕು.”

ಮಡಿವಾಳಪ್ಪನವರು ಕನ್ನಡಕ ತೆಗೆದು ಒರೆಸಿದರು. “ಸರಕಾರಿ ಕೆಲಸದಾಗ ನಾ ಕೈ ಹಾಕೂದಿಲ್ಲಪಾ,” ಎಂದರು. ಹೇಳಿದ ಮೇಲೆ ಆ ಮಾತಿನ ತೂಕ ಅವರಿಗೇ ಹಿಡಿಸಿತು. ಕೈ ಹಾಕುವುದಿಲ್ಲ ಎಂದರೆ, ಹಾಕಿದರೆ ಏನಾದರೂ ಆದೀತು ಎಂದೇ ಅರ್ಥವಲ್ಲವೆ?

ಅಲ್ಲಿಂದ ಅವರ ನಡಿಗೆಯೇ ಬದಲಾಯಿತು. ಆಫೀಸಿನ ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ಟೊಪ್ಪಿಗೆ ಸರಿಮಾಡಿ, ಬಲಗಾಲಿಟ್ಟು ಒಳಗೆ ಬರುತ್ತಿದ್ದರು. ಪಂಢರಿನಾಥ ಹೆಚ್ಚು ಗದ್ದಲ ಮಾಡಿದರೆ ಅಂಗಳದಿಂದಲೇ “ಏ ಪಂಢರಿ, ನಾ ಒಳಗ ಹೋಗ್ಲೇನು?” ಎಂದು ಬೆದರಿಸುತ್ತಿದ್ದರು. ಪಕ್ಕದ ಲಾರಿ ಆಫೀಸಿನವನು ಹೊಸ ಫ್ಯಾಕ್ಸ್ ಯಂತ್ರ ತಂದಾಗ ನೋಡಲು ಎಲ್ಲರನ್ನೂ ಕರೆದು, ಇವರನ್ನು ಮಾತ್ರ ಕರೆಯಲಿಲ್ಲ. ಅದನ್ನವರು ಸನ್ಮಾನವೆಂದೇ ತೆಗೆದುಕೊಂಡರು. ಇಷ್ಟು ವರ್ಷ ಬಿಲ್ಟಿ ಬರೆದು ಸಿಗದ ಗೌರವ, ಸುಮ್ಮನೆ ಒಂದು ಕುರ್ಚಿಯಲ್ಲಿ ಕೂತದ್ದಕ್ಕೆ ಸಿಕ್ಕಿತ್ತು. ಯಾವ ಎಂಜಿನಿಯರನೂ ಮಣಿಸಲಾಗದ ಯಂತ್ರ ತಮ್ಮನ್ನು ಕಂಡರೆ ಉಸಿರು ಬಿಗಿಹಿಡಿಯುತ್ತದೆ ಎಂಬುದು ಸಣ್ಣ ಮಾತೆ?

ಸಣ್ಣ ಸಾವಕಾರ ಶಿವಯೋಗೀಶ ಇಂಥದ್ದನ್ನೆಲ್ಲ ನಂಬುವವನಲ್ಲ. ನಂಬುವುದಿಲ್ಲ ಎಂದು ಪಂಢರಿನಾಥನಿಗೂ ಜಯಾಳಿಗೂ ಬೇರೆಬೇರೆಯಾಗಿ ಹೇಳಿದ. ಆಮೇಲೆ ಒಂದು ದಿನ ಮಡಿವಾಳಪ್ಪನವರನ್ನು ಕೋಣೆಗೆ ಕರೆದು, ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತ.

“ಕಾಕಾ, ಒಂದೆರಡು ದಿನ ನೀವು ಗೋದಾಮಿನ್ಯಾಗ ಕುಂತು ಬಿಲ್ಟಿ ಬರೀತೀರೇನ್ರಿ? ಕೈಲೇ ಬರೀರಿ. ಜಯಾ ಇಲ್ಲೆ ಕಂಪ್ಯೂಟರಿಗೆ ಹಾಕ್ತಾಳ.”

“ಯಾಕ್ರಿ ಸಣ್ಣ ಸಾವಕಾರ್ರ?”

“ಏನಿಲ್ರಿ. ಸುಮ್ನ, ನೋಡೂಣಂತ.”

ಮಡಿವಾಳಪ್ಪನವರು ತಮ್ಮ ಎಲೆ-ಅಡಿಕೆಯ ಡಬ್ಬಿ, ಕನ್ನಡಕದ ಮನೆ, ಕುರ್ಚಿಯ ಮೇಲಿನ ದಿಂಬು ಎತ್ತಿಕೊಂಡು ಅಂಗಳ ದಾಟಿದರು. ಗೋದಾಮಿನಲ್ಲಿ ಮೆಣಸಿನಕಾಯಿ ಘಾಟಿಗೆ ಸೀನು ಬಂತು. ಪಂಢರಿನಾಥ ಜಾಗ ಮಾಡಿಕೊಟ್ಟು “ಬಾರಪಾ ಪವಾಡಪುರುಷಾ” ಎಂದ.

ನೆಟ್‌ವರ್ಕ್ ಒಂದು ದಿನ ನಿಲ್ಲಲಿಲ್ಲ. ಎರಡನೆಯ ದಿನವೂ ನಿಲ್ಲಲಿಲ್ಲ. ಮೂರನೆಯ ದಿನ ಅವರು ತಮ್ಮ ಕುರ್ಚಿಯ ಕಡೆ ಇಣುಕಿದರೆ, ಅದರ ಮೇಲೆ ಜಯಾ ತನ್ನ ಊಟದ ಡಬ್ಬಿಯನ್ನೂ ಛತ್ರಿಯನ್ನೂ ಇಟ್ಟಿದ್ದಳು. ಬೇಕೆಂದು ಇಟ್ಟದ್ದಲ್ಲ. ಖಾಲಿ ಕುರ್ಚಿಯ ಮೇಲೆ ಯಾರಾದರೂ ಏನಾದರೂ ಇಡುತ್ತಾರೆ. ಆದರೆ ಮಡಿವಾಳಪ್ಪನವರು ಅಲ್ಲಿಂದ ಕದಲದೆ ನೋಡುತ್ತ ನಿಂತರು. ಕಿಟಕಿಯಲ್ಲಿ ಡ್ರೈವರುಗಳು ಜಯಾಳ ಹತ್ತಿರ ಬಿಲ್ಟಿ ತೆಗೆದುಕೊಂಡು ಹೋಗುತ್ತಿದ್ದರು. ಲಾರಿಗಳು ಗೇಟು ದಾಟುತ್ತಿದ್ದವು. ನಿಜ ಹೇಳಬೇಕೆಂದರೆ, ಒಂದೂ ಲಾರಿ ಅವರಿಗಾಗಿ ನಿಂತಿರಲಿಲ್ಲ.

ಸಂಜೆ ಅವರು ಮೂಲೆಯ ಎಸ್‌ಟಿಡಿ ಬೂತಿಗೆ ಹೋಗಿ ಅಬೀದಾಳ ಅಂಗಡಿಗೆ ಫೋನು ಮಾಡಿದರು.

“ಅವ್ವಾ, ನಾಳೆ ಬಾ. ಈ ಸರೆ ಊಟದ ಹೊತ್ತಿಗೆ ಬ್ಯಾಡ. ನಾ ಇದ್ದಾಗ ಬಾ. ನನ್ನ ಕಾಲ್ಗುಣ ತಪಾಸ್ ಮಾಡಬೇಕು.”

ಆ ಕಡೆಯಿಂದ ಅಬೀದಾ ಕೇಳಿದಳು: “ಏನು ಮಾಡಬೇಕಂದ್ರಿ ಕಾಕಾ?”

ಅವರು ಎಲ್ಲ ಹೇಳಿದರು. ಅವಳಿಗೆ ಇದಾವುದೂ ಗೊತ್ತೇ ಇರಲಿಲ್ಲ. ಶಿವಯೋಗೀಶ ಅವಳಿಗೆ ‘ಆಗಾಗ ನಿಲ್ಲುತ್ತದೆ’ ಎಂದಷ್ಟೇ ಹೇಳಿದ್ದ. ಓದಿದವನಾಗಿ ಕಾಲ್ಗುಣದ ಮಾತು ಆಡಲು ನಾಚಿಕೆ.

“ವೈರ್ ಬದಲಿ ಮಾಡಿದೆ, ಕಾರ್ಡ್ ಬದಲಿ ಮಾಡಿದೆ,” ಎಂದಳು ಅಬೀದಾ. “ನಿಮ್ಮನ್ನ ಬದಲಿ ಮಾಡೂದೊಂದು ಉಳದಿತ್ತು ನೋಡ್ರಿ. ಮೊದಲ ಯಾಕ ಹೇಳ್ಲಿಲ್ಲ?”

“ನಾನ ಅಪಶಕುನ ಅಂತ ಯಾರ ಬಾಯಿಲೇ ಹೇಳ್ಕೋತಾರವ್ವಾ?”

ಮರುದಿನ ಮಡಿವಾಳಪ್ಪನವರು ಹೊಸ ಧೋತರ ಉಟ್ಟು ಬಂದರು. ತಪಾಸಣೆ ಎಂದ ಮೇಲೆ ತಪಾಸಣೆ. ಸುದ್ದಿ ಹೇಗೋ ಹಬ್ಬಿ, ಹಮಾಲರು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ಹನಮೇಶ ಲಾರಿ ಬಿಡುವುದನ್ನು ಮುಂದಕ್ಕೆ ಹಾಕಿದ್ದ. ಪಂಢರಿನಾಥ ಗೋದಾಮಿನ ಕಿಟಕಿಯಲ್ಲಿ ಪರದೆ ನೋಡುತ್ತ ಕೂತ. ನಡೆಯುತ್ತಿದ್ದರೆ “ಐತಿ” ಎಂದು ಕೂಗುವುದು, ನಿಂತರೆ “ಹೋತು” ಎಂದು ಕೂಗುವುದು ಅವನ ಕೆಲಸ. ಅಬೀದಾ ಹಿಂಬಾಗಿಲಿನಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಕಾಕಾ, ಗೇಟಿನಿಂದ ನಡ್ಕೊಂತ ಬರ್ರಿ.”

ಮಡಿವಾಳಪ್ಪನವರು ಬಂದರು. ಮದುಮಗನೂ ಅಷ್ಟು ನಿಧಾನ ನಡೆಯುವುದಿಲ್ಲ. ಅಂಗಳದ ನಡುವೆ ಬಂದರು.

“ಐತಿ!” ಎಂದ ಪಂಢರಿನಾಥ.

ಹೊಸ್ತಿಲ ಬಳಿ ನಿಂತರು, ಟೊಪ್ಪಿಗೆ ಸರಿಮಾಡಿದರು, ಬಲಗಾಲು ಒಳಗಿಟ್ಟರು.

“ಐತಿ!”

ಎಡಗಾಲನ್ನೂ ಇಟ್ಟರು. “ಐತಿ!” ಕುರ್ಚಿಯ ತನಕ ಹೋದರು. “ಐತಿ!” ಕಟ್ಟೆಯ ಮೇಲಿನ ಹಮಾಲರು ಒಬ್ಬರ ಮುಖ ಒಬ್ಬರು ನೋಡಿದರು. ಮಡಿವಾಳಪ್ಪನವರು ಕುರ್ಚಿಯಲ್ಲಿ ಕೂತು, ದಿಂಬು ಸರಿಮಾಡಿ, ಯೂನುಸಣ್ಣನ ಕೋಣೆಯ ಕಡೆಗೆ ಒಂದು ಸಲ ನೇರವಾಗಿ ದಿಟ್ಟಿಸಿದರು. ತಾವು ಗೆಲ್ಲಬೇಕೋ ಸೋಲಬೇಕೋ ಎಂಬುದು ಅವರಿಗೇ ತಿಳಿದಿರಲಿಲ್ಲ. ಗೆದ್ದರೆ ಕುರ್ಚಿ ಹೋಗುತ್ತದೆ. ಸೋತರೆ ಇಷ್ಟು ಜನರ ಮುಂದೆ ಬರೀ ಗುಮಾಸ್ತನಾಗಬೇಕು.

“ಐತಿ!” ಎಂದ ಪಂಢರಿನಾಥ, ಸ್ವಲ್ಪ ಬೇಸರದಿಂದಲೇ.

“ಏನೂ ಆಗಲಿಲ್ಲಲ್ರಿ ಕಾಕಾ,” ಎಂದಳು ಅಬೀದಾ. “ಇರ್ಲಿ. ದಿನಾ ಹೆಂಗ ಕೆಲಸ ಶುರು ಮಾಡ್ತೀರಿ, ಹಂಗ ಮಾಡ್ರಿ.”

“ಅದಕ್ಕೇನು?” ಎಂದು ಅವರು ಎಲೆಯ ಡಬ್ಬಿ ತೆರೆದರು. “ಜಯಾ, ಎಬ್ಬಸು.”

ಜಯಾ ತಲೆ ಎತ್ತದೆ ಬೆರಳಾಡಿಸಿದಳು. ಮಡಿವಾಳಪ್ಪನವರ ಪರದೆ ಮಿಣಕೆಂದು ಎದ್ದು, ಕೂತವರು ಯಾರೆಂದು ಹೆಸರು ಕೇಳಿತು.

“ಹೋತು! ಹೋತು! ಹೋತು!” ಎಂದು ಗೋದಾಮಿನಿಂದ ಕೂಗು ಬಂತು. ಕಟ್ಟೆಯ ಮೇಲೆ ಸಿಳ್ಳು ಬಿತ್ತು. ಹನಮೇಶ ಎದ್ದು ನಿಂತೇ ಕೈಮುಗಿದ.

ಅಬೀದಾ ಮಾತ್ರ ಮಡಿವಾಳಪ್ಪನವರನ್ನು ನೋಡುತ್ತಿರಲಿಲ್ಲ. ಅವಳು ಜಯಾಳ ಬೆರಳು ನೋಡುತ್ತಿದ್ದಳು.

“ಜಯಾ, ಈಗ ಏನ್ ಹೊಡದಿ?”

“ಏನಿಲ್ಲಲ್ರಿ. ಕಾಕಾರ ಲೈನ್ ತಗದೆ.”

“ಮುಚ್ಚು ಅದನ್ನ.”

ಮುಚ್ಚಿದಳು. “ಐತಿ!” ಎಂದ ಪಂಢರಿನಾಥ.

“ತಗಿ.” “ಹೋತು!” “ಮುಚ್ಚು.” “ಐತಿ!” “ತಗಿ.” “ಹೋತು! ಏ, ನನ್ನ ಗಂಟಲಾ ಹರಿಯಾಕತ್ತೈತ್ರೆವಾ!”

ಮಡಿವಾಳಪ್ಪನವರು ಇಷ್ಟು ಹೊತ್ತೂ ಅಲುಗಾಡದೆ ಕೂತೇ ಇದ್ದರು. ಅವರು ಎದ್ದಿರಲಿಲ್ಲ, ಹೋಗಿರಲಿಲ್ಲ. ಯಂತ್ರ ಮಾತ್ರ ಅವರ ಕಣ್ಣೆದುರಿಗೇ ಮತ್ತೆ ಮತ್ತೆ ಸತ್ತು ಮತ್ತೆ ಮತ್ತೆ ಹುಟ್ಟಿತು.

“ದಿನಾ ಇದನ್ನ ಮಾಡ್ತಿದ್ದಿ. ಒಬ್ರಿಗೂ ಯಾಕ ಹೇಳ್ಲಿಲ್ಲ?” ಎಂದು ಅಬೀದಾ ಕೇಳಿದರೆ ಜಯಾ ಕಕ್ಕಾಬಿಕ್ಕಿಯಾದಳು. “ದಿನಾ ಮಾಡೂದ ಅಲ್ಲೇನ್ರಿ ಅದು! ಅದನ್ನೇನ್ ಹೇಳೂದು?”

“ನಂದೂ ತಪ್ಪೈತಿ,” ಎಂದು ಅಬೀದಾ ಹಣೆ ಬಡಿದುಕೊಂಡಳು. “ನಾ ಬಂದಾಗೆಲ್ಲಾ ಊಟದ ಹೊತ್ತು. ಕಾಕಾರ ಪರದೆ ಕಪ್ಪಗ ಬಿದ್ದಿರತಿತ್ತು. ಊಟಕ್ಕ ಹೋಗೂಮುಂದ ಸುಮ್ನ ಆರ್ಸಿ ಹೋಗ್ತಾರ ಅಂತ ತಿಳ್ಕೊಂಡಿದ್ದೆ.”

ಪೆಟ್ಟಿಗೆ ಬಿಚ್ಚುತ್ತ ಅವಳು ವಿವರಿಸಿದಳು. ಒಳಗಿರುವ ಪ್ರತಿಯೊಂದು ಸಾಮಾನಿಗೂ ಯಂತ್ರವನ್ನು ಕರೆಯಲು ಒಂದೊಂದು ಗಂಟೆ ಇರುತ್ತದೆ, ಗಂಟೆಗೊಂದು ನಂಬರು. ಮಡಿವಾಳಪ್ಪನವರ ಪರದೆಯ ಲೈನಿಗೆ ಮೂರನೆಯ ನಂಬರಿನ ಗಂಟೆ. ಕಾರ್ಡು ಕಾರಖಾನೆಯಿಂದ ಬರುವಾಗಲೇ ಅದೇ ಮೂರನ್ನು ಹಿಡಿದು ಬಂದಿತ್ತು. ಬದಲಿಸಿ ಹಾಕಿದ ಕಾರ್ಡೂ ಅದರ ತಮ್ಮನೇ.

“ನಿಮ್ಮ ಲೈನ್ ಎದ್ದ ಕೂಡ್ಲೆ ಗಂಟಿ ಹಗ್ಗಾ ಬಿಗಿಯಾಗಿ ಹಿಡ್ಕೊಂತೈತಿ ಕಾಕಾ. ಆ ಕಡೆ ಕಾರ್ಡ್ ಎಷ್ಟ ಜಗ್ಗಿದ್ರೂ ಗಂಟಿ ಬಾರ್ಸೂದಿಲ್ಲ. ಯಂತ್ರಕ್ಕ ಕಾರ್ಡ್ ಕರದಿದ್ದ ಗೊತ್ತಾಗೂದಿಲ್ಲ. ನಿಮ್ಮ ಲೈನ್ ಮಲಗಿದ್ರ ಹಗ್ಗಾ ಬಿಡ್ತೈತಿ.”

“ಅಂದ್ರ ಹಗ್ಗಾ ಹಿಡದಾಂವ ನಾ ಅಲ್ಲ?” ಎಂದರು ಮಡಿವಾಳಪ್ಪನವರು.

“ನೀವಲ್ರಿ. ನಿಮ್ಮ ವೈರು.”

ಅವರು “ಹೂಂ” ಎಂದರು. ಎಲೆಯ ಡಬ್ಬಿ ಮುಚ್ಚಿದರು.

ಕಾರ್ಡಿನ ಮೇಲೆ ಸಾಲಾಗಿ, ಒಂದೊಂದಕ್ಕೆ ಒಂದೊಂದು ನಂಬರಿನ, ಸೂಜಿಯಂಥ ಕಡ್ಡಿಗಳಿದ್ದವು. ಅವುಗಳಲ್ಲೊಂದರ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಕಪ್ಪು ಟೊಪ್ಪಿಗೆ. ಅಬೀದಾ ಚಿಮಟದಿಂದ ಅದನ್ನು ಮೂರರಿಂದ ಕಿತ್ತು, ಯಾರೂ ಕೇಳದೆ ಬಿದ್ದಿದ್ದ ಹತ್ತರ ಮೇಲೆ ಕೂರಿಸಿದಳು. ಹೊಸ ನಂಬರನ್ನು ಯುನಿಕ್ಸ್‌ಗೆ ತಿಳಿಸಿ, ಅದರ ತಿರುಳಾದ ಮೂಲ ಪ್ರೋಗ್ರಾಮನ್ನು ಮತ್ತೊಮ್ಮೆ ಹೆಣೆಯಲು ಹೇಳಿ ಕಾದಳು. ಹಳೆಯ ಯಂತ್ರಕ್ಕೆ ಅದು ಸಣ್ಣ ಕೆಲಸವಲ್ಲ. ಅದು ಹೆಣೆಯುವಷ್ಟರಲ್ಲಿ ಎಲ್ಲರಿಗೂ ಚಹಾ ಆಯಿತು. ಯಂತ್ರ ಎದ್ದ ಮೇಲೆ ಜಯಾ ಲೈನು ತೆರೆದಳು. ಮಡಿವಾಳಪ್ಪನವರ ಪರದೆ ಹೆಸರು ಕೇಳಿತು. ಎಲ್ಲರೂ ಗೋದಾಮಿನ ಕಡೆ ಕಿವಿಗೊಟ್ಟರು.

“ಐತಿ!” ಎಂದ ಪಂಢರಿನಾಥ. ಒಂದು ಬಿಲ್ಟಿಯ ಹೊತ್ತಾಯಿತು, ಎರಡು ಬಿಲ್ಟಿಯ ಹೊತ್ತಾಯಿತು. “ಇನ್ನೂ ಐತ್ರೀ!”

ಕಟ್ಟೆಯ ಮೇಲಿನ ಹಮಾಲರು ಬೀಡಿ ಆರಿಸಿ ಕೆಲಸಕ್ಕೆ ಎದ್ದರು. ಹನಮೇಶ ಲಾರಿ ಚಾಲೂ ಮಾಡಿದ. ಹೋಗುವಾಗ ಅವನು ಕಿಟಕಿಯಲ್ಲಿ ನಿಂತು ಕೈಮುಗಿಯಲಿಲ್ಲ. ಬಿಲ್ಟಿ ಕಿಸೆಗೆ ಹಾಕಿಕೊಂಡು ಹೋದ. ಶಿವಯೋಗೀಶ ತಾನೇ ಬಂದು ಮಡಿವಾಳಪ್ಪನವರ ಮೇಜಿನ ಧೂಳು ಒರೆಸಿ, “ನಾ ಮೊದಲ ಹೇಳಿದ್ನೆಲ್ರಿ ಕಾಕಾ, ಇಂಥಾದ್ದೆಲ್ಲಾ ಇರೂದಿಲ್ಲಂತ” ಎಂದ. ಯಾರಿಗೆ ಯಾವಾಗ ಹೇಳಿದ್ದ ಎಂದು ಯಾರೂ ಕೇಳಲಿಲ್ಲ.

ಕುರ್ಚಿ ಉಳಿಯಿತು. ಅದರ ಸಮಾಧಾನ ಮಡಿವಾಳಪ್ಪನವರಿಗೆ ಇಲ್ಲದಿರಲಿಲ್ಲ. ಆದರೂ ಬೆಂಗೇರಿಯ ದಾರಿಯಲ್ಲಿ ಸೈಕಲ್ ಯಾಕೋ ಭಾರವಾಗಿ ಸಾಗಿತು. ಮನೆಗೆ ಬಂದು ರತ್ನವ್ವನ ಮುಂದೆ ಎಲ್ಲವನ್ನೂ ಹೇಳಿದರು: ಗಂಟೆ, ಹಗ್ಗ, ಮೂರು, ಹತ್ತು.

ರತ್ನವ್ವ ಕೊನೆಯ ತನಕ ಕೇಳಿದಳು. “ಆ ಹುಡುಗಿ ಶಾಣ್ಯಾಕಿ ಇದ್ದಾಳ. ಆದ್ರ ಆಕಿಗೆ ಯಂತ್ರ ಗೊತ್ತು, ನೀವು ಗೊತ್ತಿಲ್ಲ,” ಎಂದಳು. “ಕುಂದರ್ರಿ, ಊಟಾ ಮಾಡ್ರಿ. ಮಿಕ್ಸರ್ ಕಡೆ ಮಾತ್ರ ನೋಡಬ್ಯಾಡ್ರಿ, ಚಟ್ನಿ ಅರ್ಧಾ ಆಗೇತಿ.”

ಮಡಿವಾಳಪ್ಪನವರು ಗೋಡೆಯ ಕಡೆ ಮುಖಮಾಡಿ ಕೂತರು. ಆ ಸಂಜೆ ಮೂರು ರೊಟ್ಟಿ ಉಂಡರು.

ಮುಂದಿನ ವಾರ ಅಬೀದಾ ಬಂದು, ಒಂದು ಪರದೆಯಿಂದ ಇನ್ನೊಂದಕ್ಕೆ ಮಾತು ಕಳಿಸುವುದನ್ನು ಎಲ್ಲರಿಗೂ ಕಲಿಸಿಕೊಟ್ಟಳು. ಇನ್ನು ಅಂಗಳದಲ್ಲಿ ಕೂಗುವಂತಿಲ್ಲ ಎಂದು ಶಿವಯೋಗೀಶ ಅಪ್ಪಣೆ ಮಾಡಿದ. ಮೊದಲ ಕೆಲಸ ಮಡಿವಾಳಪ್ಪನವರದೇ. ಸಾಂಗಲಿಯ ಲಾರಿ ಹೊರಟು ನಿಂತಿತ್ತು. ಅದರಲ್ಲಿ ಎರಡು ನಗ ಕಡಿಮೆ ಏರಿದೆಯೋ ಏನೋ ಎಂದು ಪಂಢರಿನಾಥನನ್ನು ಕೇಳಬೇಕಾಗಿತ್ತು.

ಅವರು ಸುಣ್ಣದ ಬೆರಳು ಎತ್ತಿದರು. ಇಷ್ಟು ವರ್ಷ ‘ಏ ಪಂಢರಿ, ಏನಲೇ’ ಎಂದು ಕೂಗಿದ ಬಾಯಿ. ಆದರೆ ಬರೆಯುವುದೆಂದರೆ ಬರೆಯುವುದು. ಅದಕ್ಕೊಂದು ರೀತಿ ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದನ್ನೇ ಹುಡುಕಿ, ‘ಶ್ರೀ’ ಎಂದು ಶುರುಮಾಡಿದರು. ‘ರಾಜಮಾನ್ಯ ರಾಜಶ್ರೀ ಪಂಢರಿನಾಥ ಅವರಿಗೆ ಮಡಿವಾಳಪ್ಪನ ಶರಣು ಶರಣಾರ್ಥಿ. ನಾವು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮದ ಬಗ್ಗೆ ಬರೆಯಬೇಕು. ತರುವಾಯ’ ಎಂಬಲ್ಲಿಗೆ ಬಂದಾಗ ಲಾರಿ ಗೇಟು ದಾಟಿತು.

ಅಂಗಳದಾಚೆ ಪಂಢರಿನಾಥ ತನ್ನ ಪರದೆಯ ಮೇಲೆ ಸಾಲುಸಾಲಾಗಿ ಮೂಡುತ್ತಿದ್ದುದನ್ನು ಓದಿ ಗಾಬರಿಯಾದ. ಮಡಿವಾಳಪ್ಪ ಯಾವತ್ತೂ ತನ್ನನ್ನು ‘ಅವರು’ ಎಂದವನಲ್ಲ. ಏನೋ ಆಗಿರಬೇಕೆಂದು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ.

“ಏನಾತೋ? ಅರಾಮ ಅದಿಯಿಲ್ಲೋ?”

“ತಡಿಯಪಾ,” ಎಂದರು ಮಡಿವಾಳಪ್ಪನವರು, ಪರದೆಯಿಂದ ಕಣ್ಣು ಕೀಳದೆ. “ಇನ್ನೂ ವಿಷಯಕ್ಕ ಬಂದಿಲ್ಲ.”